ಮಂಗಳೂರೋ, ಉಡುಪಿಯೋ, ಕಾರವಾರವೋ: ಕರಾವಳಿಯಲ್ಲಿ ಬಂಡವಾಳ ಹೂಡುವ ಮುನ್ನ

ಊರಿನಲ್ಲಿ ಏನಾದರೂ ಮಾಡಬೇಕು ಎಂಬ ಆಸೆ ಮುಂಬೈ, ದುಬೈ, ಬೆಂಗಳೂರು ಸೇರಿದ ಕರಾವಳಿಯವರನ್ನು ಬಿಟ್ಟ ಹಾಗಿಲ್ಲ. ಕೈಯಲ್ಲಿ ಒಂದಿಷ್ಟು ಉಳಿತಾಯ, ಊರಿನಲ್ಲಿ ಒಂದಿಷ್ಟು ಜಾಗ, ಉದ್ಯಮ ಮಾಡಿ ನಾಲ್ಕು ಜನರಿಗೆ ಕೆಲಸ ಕೊಡುವ ಹುಮ್ಮಸ್ಸು. ಎಲ್ಲವೂ ಸರಿ. ತಪ್ಪುವುದು ಒಂದೇ ಕಡೆ: ಹುಟ್ಟಿದ ತಾಲ್ಲೂಕೇ ಉದ್ಯಮದ ತಾಲ್ಲೂಕೂ ಆಗಬೇಕು ಎಂದು ಮೊದಲೇ ತೀರ್ಮಾನ ಮಾಡಿಬಿಡುವುದರಲ್ಲಿ. ಕುಟುಂಬದ ದೈವಸ್ಥಾನ ಇರುವಲ್ಲೇ ಗೋಡಂಬಿ ಕಾರ್ಖಾನೆಯೂ ಇರಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರೂ ಸೇರಿದ ಸುಮಾರು 320 ಕಿಲೋಮೀಟರ್ ಕಡಲಂಚನ್ನು ಒಟ್ಟಾಗಿ ಕರಾವಳಿ ಎನ್ನುತ್ತೇವೆ. ಹಣ ಹೂಡುವವನಿಗೆ ಇವು ಮೂರು ಬೇರೆ ಬೇರೆ ಪ್ರಾಂತ್ಯಗಳೇ. ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದ ಪಟ್ಟಿ ನೋಡಿದರೆ ಬೆಂಗಳೂರು ನಗರದ ಬೆನ್ನಿಗೇ ದಕ್ಷಿಣ ಕನ್ನಡ ನಿಲ್ಲುತ್ತದೆ, ಉಡುಪಿಯೂ ಮೇಲಿನ ಸಾಲಿನಲ್ಲೇ ಇರುತ್ತದೆ. ಉತ್ತರ ಕನ್ನಡದ ಲೆಕ್ಕವೇ ಬೇರೆ: ಹತ್ತು ಸಾವಿರ ಚದರ ಕಿಲೋಮೀಟರ್ ದಾಟುವ ವಿಸ್ತಾರ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು. ಹಾಗೆಂದು ಹಣ ಇರುವ ಜಿಲ್ಲೆಯೇ ಹಣ ಹೂಡುವುದಕ್ಕೂ ಒಳ್ಳೆಯದು ಎನ್ನುವಂತಿಲ್ಲ. ನಿಮ್ಮ ಸರಕು ಏನು ಬೇಡುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೆ ಬಂದರು ಬೇಕೋ, ಓದಿದ ಜನ ಬೇಕೋ, ವಿಶಾಲವಾದ ಜಾಗ ಬೇಕೋ? ಈ ಮೂರನ್ನೂ ಒಂದೇ ಕಡೆ ಕೊಡುವ ಜಿಲ್ಲೆ ಕರಾವಳಿಯಲ್ಲಿ ಇಲ್ಲ.

ಬಂದರು ಬೇಕಾದವರಿಗೆ

ಕಚ್ಚಾವಸ್ತು ಹಡಗಿನಲ್ಲಿ ಬರಬೇಕು ಅಥವಾ ತಯಾರಾದ ಮಾಲು ಹಡಗಿನಲ್ಲಿ ಹೋಗಬೇಕು ಎಂದಾದರೆ ಮಂಗಳೂರು ಬಿಟ್ಟು ಬೇರೆ ಯೋಚಿಸುವ ಅಗತ್ಯವಿಲ್ಲ. ಪಣಂಬೂರಿನ ನವಮಂಗಳೂರು ಬಂದರು 1974 ರಲ್ಲಿ ಪ್ರಧಾನ ಬಂದರಾಯಿತು. ರಾಜ್ಯದಲ್ಲಿ ಆ ದರ್ಜೆಯದು ಇದೊಂದೇ. ಈಗ ವರ್ಷಕ್ಕೆ 4 ಕೋಟಿ ಟನ್ನಿಗೂ ಮೇಲೆ ಸರಕು ನಿಭಾಯಿಸುತ್ತಿದೆ. ಬಂದರಿನ ಬೆನ್ನಿಗೆ ಬೆಳೆದದ್ದೇ ಈ ಭಾಗದ ಕೈಗಾರಿಕೆ: 1976 ರಲ್ಲಿ ಉತ್ಪಾದನೆ ಆರಂಭಿಸಿದ ಎಂಸಿಎಫ್ ಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪನಿಯ ಉಂಡೆ ಅದಿರಿನ ಘಟಕ, ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್, ನೆಲದಡಿಯ ಬಂಡೆ ಕೊರೆದು ಮಾಡಿದ ತೈಲ ಸಂಗ್ರಹಾಗಾರ. 2021 ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗವೂ ಸೇರಿಕೊಂಡಿತು.

ಆದರೆ ಅಷ್ಟಕ್ಕೇ ಹಿಗ್ಗಬೇಡಿ. ಈ ಬಂದರು ಮೂಲತಃ ದ್ರವ ಮತ್ತು ರಾಶಿ ಸರಕಿನದು. ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ಗೊಬ್ಬರ. ಕಂಟೇನರ್ ವ್ಯವಹಾರ ಬೆಳೆಯುತ್ತಿದೆ, ಕಾಫಿಯೂ ಗೋಡಂಬಿಯೂ ಇಲ್ಲಿಂದಲೇ ಹೋಗುತ್ತವೆ. ಆದರೂ ನಿಮ್ಮ ಗಿರಾಕಿ ಯಾವ ದೇಶದವನು, ಅಲ್ಲಿಗೆ ಇಲ್ಲಿಂದ ಹಡಗು ವಾರಕ್ಕೆ ಎಷ್ಟು ಸಲ ಹೊರಡುತ್ತದೆ ಎಂದು ಸರಕು ಸಾಗಣೆ ಏಜೆಂಟರನ್ನು ಕೇಳದೆ ಜಾಗ ಕೊಳ್ಳಬಾರದು. ಕೊಚ್ಚಿ ಇಲ್ಲವೇ ಮುಂಬೈಯ ನವಾಶೇವಾದ ಮೂಲಕವೇ ಕಳಿಸಬೇಕಾದರೆ ಬಂದರಿನ ಪಕ್ಕದಲ್ಲಿ ಇದ್ದೇನು ಬಂತು?

ಗೋಡಂಬಿಯನ್ನೇ ತೆಗೆದುಕೊಳ್ಳಿ. ಮಂಗಳೂರು, ಕಾರ್ಕಳ, ಕುಂದಾಪುರದ ಕಾರ್ಖಾನೆಗಳಿಗೆ ಊರಿನ ಬೀಜ ಯಾವತ್ತೂ ಸಾಲದು. ಐವರಿ ಕೋಸ್ಟ್, ತಾಂಜಾನಿಯಾದಂಥ ದೇಶಗಳಿಂದ ಹಡಗಿನಲ್ಲಿ ಬರಬೇಕು. ಮಾಲು ನೋಡುವವನು ಮೊದಲು ಕೇಳುವುದು ಔಟ್‌ಟರ್ನ್: 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ ಲೆಕ್ಕ. ಕತ್ತರಿಸಿ ನೋಡುವ ಮಾದರಿಯಲ್ಲಿ ಒಂದೆರಡು ಪೌಂಡ್ ಹೆಚ್ಚುಕಡಿಮೆಯಾದರೆ ಇಡೀ ಸರಕಿನ ಲಾಭ ಅಲ್ಲೇ ಕರಗಿಹೋಗುತ್ತದೆ. ಬೀಜವನ್ನು ಅಂಗಳದಲ್ಲಿ ಹರವಿ ಒಣಗಿಸಿ ಗೋದಾಮು ಸೇರಿಸುವ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಜೂನ್ ಮೊದಲ ವಾರ ಮಳೆ ಹಿಡಿದರೆ ಹಸಿ ಬೀಜ ಬೂಸು ಹಿಡಿಯುತ್ತದೆ. ಆಮೇಲೆ ಆವಿಯಲ್ಲಿ ಬೇಯಿಸಿ, ಒಡೆದು, ಬೋರ್ಮಾ ಎಂಬ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂದು ಗಾತ್ರ ಬೇರೆ ಮಾಡಿ ಡಬ್ಬಿ ತುಂಬುವುದು. ಅಂದರೆ ವರ್ಷಕ್ಕೆ ಬೇಕಾದ ಕಚ್ಚಾಮಾಲಿಗೆ ನಾಲ್ಕು ತಿಂಗಳಲ್ಲಿ ಹಣ ಸುರಿಯಬೇಕು, ಅದು ವರ್ಷವಿಡೀ ನಿಧಾನವಾಗಿ ಹಿಂತಿರುಗುತ್ತದೆ. ಗೋಡಂಬಿ ಉದ್ಯಮದಲ್ಲಿ ಸೋತವರಲ್ಲಿ ಹೆಚ್ಚಿನವರು ಯಂತ್ರದಿಂದ ಸೋತವರಲ್ಲ, ಬ್ಯಾಂಕಿನ ಬಡ್ಡಿಯಿಂದ ಸೋತವರು. ಇಂಥ ಉದ್ಯಮಕ್ಕೆ ಬಂದರಿನಿಂದ ಎರಡು ಗಂಟೆಯ ಹಾದಿಯೊಳಗೆ ಇರುವುದು ಲಾಭ. ಹಾಗಾಗಿ ಮಂಗಳೂರು ನಗರದ ದುಬಾರಿ ಜಾಗಕ್ಕಿಂತ ಕಾರ್ಕಳದ ಒಳನಾಡು ಮೇಲು ಎಂಬುದು ನನ್ನ ಲೆಕ್ಕಾಚಾರ.

ಉತ್ತರ ಕನ್ನಡದಲ್ಲೂ ಬಂದರು ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ, ₹4,119 ಕೋಟಿಯ ಬಂದರು ಯೋಜನೆ 2023 ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆಗೆ ದಕ್ಕಿದೆ. ಮೀನುಗಾರರ ವಿರೋಧ ಬಲವಾಗಿದೆ. ಕಾರವಾರ ಬಂದರಿನ ವಿಸ್ತರಣೆ 2020 ರ ಪ್ರತಿಭಟನೆಯ ನಂತರ ನ್ಯಾಯಾಲಯದ ಮೆಟ್ಟಿಲೇರಿತು. ಹೊನ್ನಾವರದ ಕಾಸರಕೋಡು ಟೊಂಕದ ಬಂದರಿನ ಜಗಳವೂ ಹಳೆಯದು. ಅವರ ಸಿಟ್ಟಿಗೆ ಕಾರಣವಿದೆ. ಕಾರವಾರದ ಸುತ್ತ ನೌಕಾನೆಲೆಗೆ ಊರಿಗೆ ಊರೇ ಬಿಟ್ಟುಕೊಟ್ಟವರು, ಕಾಳಿ ನದಿಯ ಅಣೆಕಟ್ಟುಗಳಿಗೆ ಜಾಗ ಕೊಟ್ಟವರು ಅದೇ ಜಿಲ್ಲೆಯ ಜನ. ಕಟ್ಟಿ ಮುಗಿಯದ ಬಂದರನ್ನು ನಂಬಿ ಇವತ್ತೇ ಗೋದಾಮು ಕಟ್ಟುವುದು ಜೂಜು. 2010 ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಬೇಲೆಕೇರಿ, ಕಾರವಾರ ಬಂದರುಗಳ ಹಾದಿಯ ಲಾರಿಗಳೆಲ್ಲ ಒಂದೇ ಆದೇಶಕ್ಕೆ ನಿಂತುಹೋದವು. ಅದಕ್ಕೂ ಮೊದಲು 2005 ರ ಕೊನೆಯಲ್ಲಿ ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಮುಚ್ಚಿತು. ಒಂದೇ ಸರಕನ್ನು ನಂಬಿದವರಿಗೆ ಕರಾವಳಿ ಎರಡೂ ಸಲ ಪಾಠ ಕಲಿಸಿದೆ.

ಘಟ್ಟ ಹತ್ತುವ ಕಷ್ಟ

ಬಂದರಿನಷ್ಟೇ ಮುಖ್ಯ ಘಟ್ಟ. ನಿಮ್ಮ ಗಿರಾಕಿ ಬೆಂಗಳೂರಿನಲ್ಲಿದ್ದರೆ ಶಿರಾಡಿ, ಶಿವಮೊಗ್ಗದಲ್ಲಿದ್ದರೆ ಬಾಳೆಬರೆ, ಹುಬ್ಬಳ್ಳಿಯಲ್ಲಿದ್ದರೆ ಅರಬೈಲು. ಮಂಗಳೂರಿಗೆ ಶಿರಾಡಿಯ ಜೊತೆಗೆ ಚಾರ್ಮಾಡಿ, ಸಂಪಾಜೆ ಇವೆ, ಹಾಸನದ ಕಡೆಗೆ ರೈಲೂ ಇದೆ. ಮಳೆಗಾಲದಲ್ಲಿ ಒಂದು ದಾರಿ ಕುಸಿದರೆ ಇನ್ನೊಂದನ್ನು ಹಿಡಿಯಬಹುದು, ತಡವಾಗಿಯಾದರೂ ತಲುಪಬಹುದು. ಉಡುಪಿಯ ಸ್ಥಿತಿ ಇದಕ್ಕಿಂತ ಇಕ್ಕಟ್ಟು. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಜಿಲ್ಲೆಯಿಂದ ನೇರವಾಗಿ ಘಟ್ಟ ಹತ್ತುವ ರೈಲು ಮಾರ್ಗ ಇಲ್ಲ, ಕೊಂಕಣ ರೈಲು ಕಡಲಿಗೆ ಸಮಾನಾಂತರವಾಗಿ ಓಡಿ ಮುಂಬೈಗೆ ಹೋಗುತ್ತದೆ ಅಷ್ಟೆ. ಉತ್ತರ ಕನ್ನಡಕ್ಕೆ ಹುಬ್ಬಳ್ಳಿಯ ಮಾರುಕಟ್ಟೆ ಹತ್ತಿರ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಮಾತ್ರ ಕಾಡಿನ ಅನುಮತಿಯ ಕಡತದಲ್ಲಿ ದಶಕಗಳಿಂದ ಕುಳಿತಿದೆ. ಅದು ಬಂದರೆ ಈ ಹೋಲಿಕೆಯ ಅರ್ಧ ಭಾಗ ತಲೆಕೆಳಗಾಗುತ್ತದೆ.

ಮಂಗಳೂರಿನ ರೈಲಿಗೂ ಒಂದು ಶಾಪವಿದೆ. ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ಕೊಂಕಣ ರೈಲ್ವೆ: ಒಂದು ಊರಿನ ಸುತ್ತ ಮೂವರು ಯಜಮಾನರು. ಉತ್ತರಕ್ಕೆ ಲಾರಿ ಕಳಿಸುವವರಿಗೆ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ವರೆಗೆ ಲಾರಿಯನ್ನೇ ರೈಲಿನ ಮೇಲೇರಿಸಿ ಒಯ್ಯುವ ರೋರೋ ಸೇವೆ ನಿಜಕ್ಕೂ ಉಪಯುಕ್ತ. ಮುಂಬೈ ಕಡೆ ಮಾಲು ಕಳಿಸುವವರು ಇದರ ಲೆಕ್ಕ ಹಾಕಲೇಬೇಕು.

ಹೆದ್ದಾರಿ 66 ನಾಲ್ಕು ಪಥವಾದ ಮೇಲೆ ಮೂರೂ ಜಿಲ್ಲೆ ಹತ್ತಿರವಾಗಿವೆ. ಆದರೆ 2024 ರ ಜುಲೈ 16 ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಬೇಗ ಕೆಡುವ ಮಾಲಿನವರು, ಅಂದರೆ ಮೀನು, ಹಾಲು, ಹಣ್ಣಿನ ವ್ಯಾಪಾರದವರು, ಕುಮಟಾದಿಂದ ಉತ್ತರಕ್ಕೆ ಇರುವ ಭಾಗವನ್ನು ಆರಿಸುವ ಮುನ್ನ ಜುಲೈ ತಿಂಗಳನ್ನು ನೆನೆಸಿಕೊಳ್ಳಲಿ.

ಜನ ಬೇಕಾದವರಿಗೆ

ಸಾಫ್ಟ್‌ವೇರ್, ಹಣಕಾಸು ಸೇವೆ, ವೈದ್ಯಕೀಯ ದಾಖಲೆಗಳ ಕೆಲಸ, ವಿನ್ಯಾಸ ಇಂಥವುಗಳಿಗೆ ಮಂಗಳೂರು ಮತ್ತು ಉಡುಪಿ–ಮಣಿಪಾಲ ಎರಡೂ ಸೈ. ಸುರತ್ಕಲ್‌ನ ಎನ್‌ಐಟಿಕೆ 1960 ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ, ಮಣಿಪಾಲದ ವೈದ್ಯಕೀಯ ಕಾಲೇಜು 1953 ರದ್ದು. ಇದಕ್ಕೂ ಹಿಂದೆ ಬ್ಯಾಂಕುಗಳ ಕಾಲ: ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906 ರಲ್ಲಿ, ಕರ್ಣಾಟಕ ಬ್ಯಾಂಕ್ 1924 ರಲ್ಲಿ, ಸಿಂಡಿಕೇಟ್ 1925 ರಲ್ಲಿ, ವಿಜಯಾ 1931 ರಲ್ಲಿ ಹುಟ್ಟಿದ್ದು ಈ ಅರವತ್ತು ಕಿಲೋಮೀಟರ್ ಪಟ್ಟಿಯಲ್ಲೇ. ವಿಜಯಾ 2019 ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020 ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಭಾವನೆಯ ಮಾತು ಬಿಡಿ, ವ್ಯವಹಾರದ ನಷ್ಟ ನೋಡಿ: ಸಾಲದ ದೊಡ್ಡ ತೀರ್ಮಾನಗಳು ಮಣಿಪಾಲದಲ್ಲೋ ಮಂಗಳೂರಿನಲ್ಲೋ ಆಗುತ್ತಿದ್ದ ಕಾಲ ಹೋಯಿತು. ಮನೆತನದ ಗುರುತು ನೋಡಿ ಸಾಲ ಕೊಡುತ್ತಿದ್ದ ಮ್ಯಾನೇಜರು ಈಗ ಇಲ್ಲ. ಯೋಜನಾ ವರದಿ ಗಟ್ಟಿಯಾಗಿರಲಿ.

ಉಡುಪಿಯನ್ನು ಚಿಕ್ಕ ಊರೆಂದು ತಳ್ಳಿಹಾಕುವವರಿಗೆ ಎರಡು ಉದಾಹರಣೆ ಸಾಕು. 1996 ರಲ್ಲಿ ಅಲ್ಲೇ ಶುರುವಾದ ರೋಬೋಸಾಫ್ಟ್ ಕಂಪನಿಯನ್ನು 2021 ರಲ್ಲಿ ಜಪಾನಿನ ಟೆಕ್ನೋಪ್ರೋ ಕೊಂಡುಕೊಂಡಿತು. ಮಲ್ಪೆಯಲ್ಲಿ ಮುಳುಗುವ ಸ್ಥಿತಿಯಲ್ಲಿದ್ದ ಟೆಬ್ಮಾ ಹಡಗುಕಟ್ಟೆಯನ್ನು 2020 ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. ಈಗ ಅದಕ್ಕೆ ನಾರ್ವೆಯ ಕಂಪನಿಯಿಂದಲೂ ಸರಕು ಹಡಗುಗಳ ಬೇಡಿಕೆ ಬಂದಿದೆ. ಬೆಸುಗೆ, ಕೊಳವೆ ಜೋಡಣೆ, ಬಣ್ಣ ಹಚ್ಚುವ ಕೆಲಸ ಗುತ್ತಿಗೆ ಹಿಡಿಯಬಲ್ಲ ಸಣ್ಣ ಘಟಕಗಳಿಗೆ ಮಲ್ಪೆಯ ಸುತ್ತ ಈಗ ಒಳ್ಳೆಯ ಕಾಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಓದಿದವರು ಸಿಗುತ್ತಾರೆ ನಿಜ, ಉಳಿಯುತ್ತಾರೆಯೇ? ಎರಡು ವರ್ಷ ಅನುಭವವಾದ ಕೂಡಲೇ ಬೆಂಗಳೂರು ಕರೆಯುತ್ತದೆ, ಮೂರನೇ ವರ್ಷ ಕೊಲ್ಲಿ ಕರೆಯುತ್ತದೆ. ಮದುವೆಯಾಗಿ ಊರಿಗೆ ಮರಳಲು ಬಯಸುವ ಮೂವತ್ತು ದಾಟಿದವರನ್ನು ಹುಡುಕಿ ತರುವ ಸಂಸ್ಥೆಗಳು ಇಲ್ಲಿ ಗೆದ್ದಿವೆ. ದೈಹಿಕ ಶ್ರಮಕ್ಕೆ ಬಾಗಲಕೋಟೆ, ವಿಜಯಪುರ, ಒಡಿಶಾ, ಬಿಹಾರ, ಜಾರ್ಖಂಡಿನವರೇ ಆಧಾರ. ಕೂಲಿಯ ಜೊತೆಗೆ ವಸತಿಯ ಖರ್ಚನ್ನೂ ಮೊದಲೇ ಸೇರಿಸಿ. ಇನ್ನೊಂದು ಮಾತನ್ನು ಹೂಡಿಕೆಯ ಸಮಾವೇಶಗಳಲ್ಲಿ ಯಾರೂ ಹೇಳುವುದಿಲ್ಲ. ದಕ್ಷಿಣ ಕನ್ನಡದ ಕೋಮು ಗಲಭೆಗಳ ಹೆಸರು ಹೊರಗಿನವರನ್ನು ಹಿಂಜರಿಯುವಂತೆ ಮಾಡುತ್ತದೆ. 2025 ರಲ್ಲಿ ಸರ್ಕಾರ ಇದಕ್ಕೆಂದೇ ವಿಶೇಷ ಪೊಲೀಸ್ ಪಡೆ ಕಟ್ಟಬೇಕಾಯಿತು. ನಿಷೇಧಾಜ್ಞೆ ಬಿದ್ದ ದಿನ ರಾತ್ರಿ ಪಾಳಿಯ ಕೆಲಸ ಮಾಡಿಸುವ ಕಂಪನಿ ಏನು ಮಾಡಬೇಕು?

ಉತ್ತರ ಕನ್ನಡದಲ್ಲಿ ಬುದ್ಧಿವಂತರಿಗೆ ಬರವಿಲ್ಲ, ಅವರನ್ನು ಊರಿನಲ್ಲಿ ಹಿಡಿದಿಡುವ ಸೌಕರ್ಯಕ್ಕೆ ಬರವಿದೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಅಪಘಾತವಾದರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ನೂರಾರು ಜನ ದುಡಿಯುವ ಕಾರ್ಖಾನೆ ತೆರೆಯುವವನು ಇದನ್ನು ಖರ್ಚಿನ ಪಟ್ಟಿಯಲ್ಲೇ ಬರೆದುಕೊಳ್ಳಬೇಕು.

ಜಾಗ: ನಿಜವಾದ ಪರೀಕ್ಷೆ ಇಲ್ಲಿ

ಕೆನರಾ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಒಡೆದು, ಉತ್ತರ ಭಾಗ 1862 ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ 1956 ರವರೆಗೆ ಮದ್ರಾಸಿನಲ್ಲೇ ಉಳಿಯಿತು. ಇತಿಹಾಸದ ಪುಸ್ತಕದ ಈ ವಿಷಯ ನಿಮ್ಮ ಜಾಗದ ಕಾಗದದಲ್ಲಿ ಇವತ್ತಿಗೂ ಜೀವಂತ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಾರುವವನು "ಎರಡು ಎಕರೆ ವರ್ಗ, ಒಂದು ಎಕರೆ ಕುಮ್ಕಿ" ಎಂದು ಮೂರು ಎಕರೆಯ ಬೆಲೆ ಹೇಳುತ್ತಾನೆ. ವರ್ಗ ಸ್ವಂತ ಹಕ್ಕಿನ ಜಾಗ, ಕುಮ್ಕಿ ಸರ್ಕಾರದ್ದು. ಸೊಪ್ಪು, ಸೌದೆ, ಮೇವಿಗೆ ಬಳಸಿಕೊಳ್ಳುವ ಸವಲತ್ತಷ್ಟೇ ಪಕ್ಕದ ವರ್ಗದಾರನಿಗೆ. ಅದರ ಮೇಲೆ ಶೆಡ್ ಕಟ್ಟಿದರೆ ಬ್ಯಾಂಕ್ ಸಾಲ ಕೊಡುವುದಿಲ್ಲ, ತಹಶೀಲ್ದಾರರು ಬಿಡುವುದಿಲ್ಲ. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ಇದೇ ಪಾತ್ರ ವಹಿಸುವುದು ಸೊಪ್ಪಿನ ಬೆಟ್ಟ. ತೋಟದ ಜೊತೆ ಬೆಟ್ಟವೂ ಬರುತ್ತದೆ ಎಂದರೆ ಅಲ್ಲಿ ರೆಸಾರ್ಟ್ ಕಟ್ಟಬಹುದು ಎಂದು ಅರ್ಥವಲ್ಲ. ಮಂಗಳೂರು ನಗರದೊಳಗೆ ಮೂಲಗೇಣಿ ಎಂಬ ಇನ್ನೊಂದು ತೊಡಕಿದೆ: ಒಡೆತನ ಒಬ್ಬರದು, ಶಾಶ್ವತ ಗೇಣಿಯ ಹಕ್ಕು ಇನ್ನೊಬ್ಬರದು.

ಪಹಣಿ ತೆಗೆದು 9 ನೇ ಕಾಲಂನಲ್ಲಿ ಮಾರುವವನ ಹೆಸರು ಕಂಡ ಕೂಡಲೇ ಮುಂಗಡ ಕೊಡಬೇಡಿ. 11 ನೇ ಕಾಲಂ ಓದಿ: ಸಾಲ, ತಕರಾರು, ಹಕ್ಕಿನ ಷರತ್ತು ಎಲ್ಲ ಅಲ್ಲಿ ಅಡಗಿರುತ್ತವೆ. ಭೂನ್ಯಾಯಮಂಡಳಿಯಿಂದ ಬಂದ ಜಾಗವೇ, ಸರ್ಕಾರ ಮಂಜೂರು ಮಾಡಿದ್ದೇ, ಮಾರದಿರುವ ಅವಧಿಯ ಷರತ್ತು ಇತ್ತೇ ಎಂದು ಕೇಳಿ. ಒಂದು ಪಹಣಿಯ ತುಂಡು ಕೊಳ್ಳುವುದಾದರೆ ಆ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದು ಘೋಷಿಸದಿದ್ದರೂ ಕಾಡೆಂದೇ ಪರಿಗಣಿಸಿದ ಜಾಗಗಳ ಪಟ್ಟಿಯಲ್ಲಿ ಸರ್ವೆ ನಂಬರ್ ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಬರಹದಲ್ಲಿ ಕೇಳಿ. 2020 ರ ತಿದ್ದುಪಡಿಯ ನಂತರ ಕೃಷಿಕನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಕಾರ್ಖಾನೆ ಕಟ್ಟಲಾಗದು, ಭೂಪರಿವರ್ತನೆಯ ನಿಯಮ ನೋಡಿಕೊಳ್ಳಲೇಬೇಕು.

ಘಟ್ಟದ ಬುಡದ ಗ್ರಾಮಗಳಲ್ಲಿ ಇನ್ನೊಂದು ತೂಗುಗತ್ತಿ ಇದೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ 2024 ರ ಜುಲೈ ಕೊನೆಯಲ್ಲಿ ಬಂತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ರಾಜ್ಯ ಸರ್ಕಾರ ಒಪ್ಪಿಲ್ಲ. ಪಟ್ಟಿಯಲ್ಲಿರುವ ಗ್ರಾಮದಲ್ಲಿ ಕಲುಷಿತ ನೀರು ಬಿಡುವ ಉದ್ಯಮ ಹಾಕುವುದು ಬೇಡ.

ಇಷ್ಟು ತಲೆನೋವು ಬೇಡ ಎನ್ನುವವರಿಗೆ ಕೈಗಾರಿಕಾ ಪ್ರದೇಶಗಳಿವೆ: ದಕ್ಷಿಣ ಕನ್ನಡದಲ್ಲಿ ಬೈಕಂಪಾಡಿ, ಯೆಯ್ಯಾಡಿ, ಗಂಜಿಮಠ, ಉಡುಪಿಯಲ್ಲಿ ಮಣಿಪಾಲದ ಶಿವಳ್ಳಿ, ನಂದಿಕೂರು, ಮಿಯಾರು, ಕಾರವಾರದ ಬಳಿ ಶಿರವಾಡ. ಬೈಕಂಪಾಡಿ ಹಳೆಯದು, ಕಿಕ್ಕಿರಿದಿದೆ, ಆದರೆ ಬಂದರಿಗೆ ಹತ್ತು ನಿಮಿಷ.

ಕಡಲಂಚಿನ ಕನಸು

ಗೋಕರ್ಣದಲ್ಲೊಂದು ರೆಸಾರ್ಟ್, ಮರವಂತೆಯಲ್ಲೊಂದು ಹೋಂಸ್ಟೇ. ಪ್ರವಾಸೋದ್ಯಮಕ್ಕೆ ಉತ್ತರ ಕನ್ನಡವೇ ಮೊದಲ ಆಯ್ಕೆ, ಅನುಮಾನ ಬೇಡ. ಗೋಕರ್ಣ, ಮುರ್ಡೇಶ್ವರ, ಯಾಣ, ದಾಂಡೇಲಿ ಒಂದೇ ಜಿಲ್ಲೆಯಲ್ಲಿ, ಪಕ್ಕದಲ್ಲೇ ಗೋವಾ. ಆದರೆ 2019 ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಓದಿ. ಹಳ್ಳಿ ಪ್ರದೇಶದಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161 ದಾಟಿದ್ದರೆ ಉಬ್ಬರದ ರೇಖೆಯಿಂದ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಅಭಿವೃದ್ಧಿ ನಿಷೇಧ ವಲಯ. 500 ಮೀಟರ್‌ವರೆಗೆ ನಿಯಂತ್ರಣ. ಉಪ್ಪುನೀರು ಏರುವ ಹೊಳೆಯ ದಡಕ್ಕೂ ನಿಯಮವಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. "ಎಲ್ಲರೂ ಕಟ್ಟಿದ್ದಾರೆ" ಎಂಬುದು ದಲ್ಲಾಳಿಯ ಮಾತು, ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಕಡಲು ಕಾಣುವ ಗುಡ್ಡದ ಮೇಲಿನ, ವಲಯದಿಂದ ಹೊರಗಿನ ಜಾಗವೇ ಒಳ್ಳೆಯದು. ಅದೂ ಮಣ್ಣು ಅಗೆದು ಸಮತಟ್ಟು ಮಾಡದ ಗುಡ್ಡ.

ಮೀನಿನ ಉದ್ಯಮಕ್ಕೆ ಮಲ್ಪೆ, ಮಂಗಳೂರು. ಜೂನ್ 1 ರಿಂದ ಜುಲೈ 31 ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಂಜುಗಡ್ಡೆ ಘಟಕಕ್ಕೂ ಶೈತ್ಯಾಗಾರಕ್ಕೂ ಆಗ ಆದಾಯ ಕುಸಿಯುತ್ತದೆ, ಸಾಲದ ಕಂತು ಮಾತ್ರ ರಜೆ ಹಾಕುವುದಿಲ್ಲ. ಬೂತಾಯಿ ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಮುಖ ತೋರಿಸುವುದಿಲ್ಲ. ಒಂದೇ ಜಾತಿಯ ಮೀನು ನಂಬಿ ಯಂತ್ರ ತರಬೇಡಿ.

ಅಡಿಕೆ, ಕಾಳುಮೆಣಸು, ಕೋಕೋ, ತೆಂಗಿನ ಮೌಲ್ಯವರ್ಧನೆಗೆ ಪುತ್ತೂರು ಮತ್ತು ಶಿರಸಿ ಎರಡೇ ಹೆಸರು. ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ 1986 ರಿಂದ ಇದೆ. ಶಿರಸಿಯಲ್ಲಿ ಸಹಕಾರ ಸಂಘಗಳ ಜಾಲ ಗಟ್ಟಿ, ಹುಬ್ಬಳ್ಳಿ ಹತ್ತಿರ. ರೈತ ಬೆಳೆ ಕೊಡಲು ಸೊಸೈಟಿಯನ್ನು ಬಿಟ್ಟು ನಿಮ್ಮ ಬಳಿ ಬರಬೇಕಾದರೆ ಬೆಲೆ ಮಾತ್ರವಲ್ಲ, ನಂಬಿಕೆಯೂ ಬೇಕು. ಹೊರಗಿನವನಿಗೆ ಅದು ಎರಡು ಮೂರು ಸುಗ್ಗಿ ಹಿಡಿಯುವ ಕೆಲಸ.

ನೀರು, ಕರೆಂಟು, ಸಬ್ಸಿಡಿ

ಸುಮಾರು ನಾಲ್ಕು ಮೀಟರ್ ಮಳೆ ಸುರಿಯುವ ನಾಡಿನಲ್ಲಿ ನೀರಿಗೇನು ಕೊರತೆ ಎನ್ನಬೇಡಿ. ನೇತ್ರಾವತಿ ಬೇಸಿಗೆಯಲ್ಲಿ ಬತ್ತಿ ಎಂಆರ್‌ಪಿಎಲ್‌ನಂಥ ಸಂಸ್ಥೆಯೇ ಘಟಕಗಳನ್ನು ನಿಲ್ಲಿಸಿದ್ದುಂಟು. ಕೊನೆಗೆ ಅದು ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿಗೊಳಿಸುವ ಘಟಕ ಕಟ್ಟಿಕೊಂಡಿತು. ನಿಮ್ಮ ಘಟಕಕ್ಕೆ ಏಪ್ರಿಲ್–ಮೇ ತಿಂಗಳ ನೀರು ಎಲ್ಲಿಂದ ಎಂಬುದಕ್ಕೆ ಉತ್ತರವಿರಬೇಕು. ವಿದ್ಯುತ್ ದಕ್ಷಿಣದ ಎರಡು ಜಿಲ್ಲೆಗಳಿಗೆ ಮೆಸ್ಕಾಂನಿಂದ, ಉತ್ತರ ಕನ್ನಡಕ್ಕೆ ಹೆಸ್ಕಾಂನಿಂದ. ಯಲ್ಲೂರಿನಲ್ಲಿ 1,200 ಮೆಗಾವಾಟ್ ಶಾಖೋತ್ಪನ್ನ ಸ್ಥಾವರ, ಕೈಗಾದಲ್ಲಿ ನಾಲ್ಕು ಅಣು ಘಟಕ ಇದ್ದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಎಲ್ಲ ಕಡೆ ಒಂದೇ. ಜನರೇಟರ್ ಬೇಕು. ಉಪ್ಪುಗಾಳಿಗೆ ತಗಡು, ವಿದ್ಯುತ್ ಪ್ಯಾನಲ್ ಬೇಗ ತುಕ್ಕು ಹಿಡಿಯುತ್ತವೆ, ಕಡಲಿಗೆ ಹತ್ತಿರವಾದಷ್ಟೂ ದುರಸ್ತಿ ಹೆಚ್ಚು.

ಸಬ್ಸಿಡಿಯನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಸಬ್ಸಿಡಿ ನೋಡಿ ಊರು ಆರಿಸಿದವರು ಬೇಗ ಪಶ್ಚಾತ್ತಾಪ ಪಡುತ್ತಾರೆ. ₹15 ಕೋಟಿಯವರೆಗಿನ ಯೋಜನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯೇ ಸಾಕು, ಬೆಂಗಳೂರಿಗೆ ಹೋಗಬೇಕಿಲ್ಲ. ಮೊದಲ ಸಲ ಉದ್ಯಮ ಮಾಡುವವರಿಗೆ ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆಯಾದ ಪಿಎಂಇಜಿಪಿಯಲ್ಲಿ ತಯಾರಿಕೆಗೆ ₹50 ಲಕ್ಷ, ಸೇವೆಗೆ ₹20 ಲಕ್ಷದವರೆಗಿನ ಯೋಜನೆಗೆ ಸಹಾಯಧನವಿದೆ: ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಹಳ್ಳಿಯಲ್ಲಿ ಶೇ 35. ಮಂಜೂರಾತಿಗೆ ಮುನ್ನ ಯಂತ್ರ ಕೊಳ್ಳಬೇಡಿ.

ಇನ್ನೂ ತೀರ್ಮಾನಕ್ಕೆ ಬರದವರು ಜಾಗ ಕೊಳ್ಳುವುದನ್ನು ಮುಂದೂಡಿ, ಬೈಕಂಪಾಡಿಯಲ್ಲೋ ಶಿವಳ್ಳಿಯಲ್ಲೋ ಒಂದು ಶೆಡ್ ಬಾಡಿಗೆಗೆ ಹಿಡಿದು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನಡೆಸಿ ನೋಡಿ. ಬಾಡಿಗೆ ಕರಾರನ್ನು ನೋಂದಣಿ ಮಾಡಿಸಿ. ಮಳೆಗಾಲದಲ್ಲಿ ಚಾವಣಿ ಸೋರಿದರೆ ಯಾರು ಸರಿಪಡಿಸಬೇಕು ಎಂಬುದನ್ನು ಅದರಲ್ಲೇ ಬರೆಸಿ.